ನಮ್ಮ ಮನೆಯ ಫ್ಯೂಸ್ ಯಾವುದು? ಅದು ಎಷ್ಟು ಆಂಪಿಯರ್‌ನದು?



ಮಳೆಗಾಲದ ಒಂದು ಸಂಜೆ ಮಲೆನಾಡಿನ ಹಳ್ಳಿಯೊಂದರ ಸಂಘದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ, ಸಾಲದ ಕಂತು ಎಲ್ಲ ಬರೆದು ಮುಗಿದ ಮೇಲೆ ಮಾತು ಕರೆಂಟಿನ ಕಡೆ ತಿರುಗಿತು. “ಮಳೆ ಶುರುವಾದ್ರೆ ಸಾಕು, ನಮ್ಮನೇಲಿ ವಾರಕ್ಕೆರಡು ಸಲ ಫ್ಯೂಸ್ ಹೋಗ್ತದೆ” ಎಂದು ಒಬ್ಬರು ಹೇಳಿದರು. ಪಕ್ಕದಲ್ಲಿದ್ದ ಸದಸ್ಯೆ ನಕ್ಕು, “ನಮ್ಮನೇದು ಆರು ತಿಂಗಳಿಂದ ಹೋಗೇ ಇಲ್ಲ ಸಿಸ್ಟರ್. ನಮ್ಮ ಮೈದುನ ಗಟ್ಟಿ ತಂತಿ ಹಾಕಿಕೊಟ್ಟಿದ್ದಾನೆ” ಎಂದರು. ಕೂತಿದ್ದವರಿಗೆಲ್ಲ ಅದು ಒಳ್ಳೆಯ ಉಪಾಯ ಅನ್ನಿಸಿತು.

ಸಭೆ ಮುಗಿಸಿ ನಾವು ಅವರ ಮನೆಗೆ ಹೋದೆವು. ಮೇನ್ ಸ್ವಿಚ್ ಆಫ್ ಮಾಡಿಸಿ ಬಿಳಿ ಪಿಂಗಾಣಿ ಫ್ಯೂಸನ್ನು ಹೊರಗೆಳೆಸಿದಾಗ, ಅದರೊಳಗೆ ಮೂರು ಎಳೆ ತಾಮ್ರದ ತಂತಿ ಹೊಸೆದು ಕಟ್ಟಿತ್ತು. ಅಡುಗೆಮನೆಯ ಸ್ವಿಚ್ ಬೋರ್ಡು ಪ್ಲಗ್ಗಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು. ಹತ್ತಿರ ಹೋದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಹೆಂಚಿನ ಕೆಳಗೆ ಮರದ ತೊಲೆಗುಂಟ ಹೋಗಿದ್ದ ವೈರಿನ ಹೊದಿಕೆ, ಬಗ್ಗಿಸಿದರೆ ಒಣಸಿಪ್ಪೆಯ ಹಾಗೆ ಬಿರಿಯುತ್ತಿತ್ತು. ಫ್ಯೂಸ್ ಹೋಗದೇ ಇದ್ದ ಆ ಆರು ತಿಂಗಳೂ ವೈರು ಒಳಗೊಳಗೇ ಬೇಯುತ್ತಿತ್ತು. ಅದರ ಕೆಳಗೆ ಮಕ್ಕಳು ಮಲಗುವ ಜಾಗ. ಮೂಲೆಯಲ್ಲಿ ರೇಷನ್ ಕಾರ್ಡು, ಮನೆಪತ್ರ, ಸಂಘದ ಪಾಸ್‌ಬುಕ್ಕು ಇಟ್ಟ ಟ್ರಂಕು. ಇನ್ನೊಂದು ಮಳೆಗಾಲ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಆ ತಾಯಿಗೆ ನಾವು ಬಿಡಿಸಿ ಹೇಳಬೇಕಾಗಲಿಲ್ಲ.

ಅದಕ್ಕಾಗಿ ಈ ತಿಂಗಳ ಪಾಠ ಫ್ಯೂಸಿನದು. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿರುವುದು ಯಾವ ಜಾತಿಯ ಫ್ಯೂಸ್, ಎಷ್ಟು ಆಂಪಿಯರ್‌ನದು, ಅಷ್ಟೇ ಇರಬೇಕೋ ಬೇಡವೋ ಎಂಬುದನ್ನು ನಾವೇ ಗುರುತಿಸುವಂತಾಗಬೇಕು.

1. ಫ್ಯೂಸ್ ಕಾಯುವುದು ಯಾವುದನ್ನು?

ಟಿ.ವಿ., ಫ್ರಿಜ್ ಹಾಳಾಗದಿರಲಿ ಎಂದು ಫ್ಯೂಸ್ ಇದೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಮುಖ್ಯವಾಗಿ ಅದು ಕಾಯುವುದು ಗೋಡೆ ಮತ್ತು ಮಾಡಿನ ಗುಂಟ ಹೋಗಿರುವ ವೈರನ್ನು.

ತಂತಿಯಲ್ಲಿ ಕರೆಂಟು ಹರಿದಾಗ ಅದು ಬಿಸಿಯಾಗುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ವೈರಿನ ಮೇಲಿನ ಸಾಮಾನ್ಯ ಪಿ.ವಿ.ಸಿ. ಹೊದಿಕೆ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಮಾಡಿದ್ದು. ಅದಕ್ಕಿಂತ ಹೆಚ್ಚು ಬಿಸಿ ದಿನದಿನವೂ ತಾಗಿದರೆ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಒಳಗಿನ ಎರಡು ತಂತಿಗಳು ತಾಗಿದರೆ ಕಿಡಿ, ಬೆಂಕಿ.

ಆದ್ದರಿಂದ ಕರೆಂಟಿನ ದಾರಿಯಲ್ಲಿ ಒಂದು ಕಡೆ, ನಮ್ಮ ಕೈಗೆ ಸಿಗುವ ಜಾಗದಲ್ಲಿ, ಬೇಕೆಂದೇ ಒಂದು ತೆಳು ತಂತಿ ಇಡುತ್ತಾರೆ. ಭಾರ ಹೆಚ್ಚಾದರೆ ಮೊದಲು ಕರಗಬೇಕಾದ್ದು ಅದು. ಫ್ಯೂಸ್ ತಂತಿ ಯಾವಾಗಲೂ ಮನೆಯ ವೈರಿಗಿಂತ ದುರ್ಬಲವಾಗಿರಬೇಕು. ಅಲ್ಲಿ ಗಟ್ಟಿ ತಂತಿ ಹಾಕಿದರೆ ಮೊದಲು ಸುಡುವುದು ಮಾಡಿನ ವೈರು.

2. ನಮ್ಮ ಮನೆಗಳಲ್ಲಿ ಕಾಣುವ ಜಾತಿಗಳು

ಮೀಟರಿನ ಪಕ್ಕ, ಮೇನ್ ಸ್ವಿಚ್ಚಿನ ಹತ್ತಿರ ಒಮ್ಮೆ ನೋಡಿ. ಮುಟ್ಟುವುದು ಬೇಡ, ಟಾರ್ಚ್ ಹಿಡಿದು ನೋಡಿದರೆ ಸಾಕು.

ಅ) ಕಿಟ್‌ಕ್ಯಾಟ್ ಫ್ಯೂಸ್. ಬಿಳಿ ಪಿಂಗಾಣಿಯದು. ಒಂದು ಭಾಗ ಹಲಗೆಗೆ ಕೂತಿರುತ್ತದೆ, ಇನ್ನೊಂದನ್ನು ಕೈಯಲ್ಲಿ ಹಿಡಿದು ಎಳೆಯಬಹುದು. ಎಳೆಯುವ ಭಾಗದ ಎರಡು ತುದಿಯಲ್ಲಿ ತಿರುಪು, ನಡುವೆ ತಂತಿ. ಸುಟ್ಟಾಗ ತಂತಿ ಮಾತ್ರ ಬದಲಿಸುತ್ತೇವೆ. ನಮ್ಮ ಹಳ್ಳಿಯ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದು ಇದೇ.

ಆ) ಎಚ್.ಆರ್.ಸಿ. ಫ್ಯೂಸ್. ಮುಚ್ಚಿದ ಪಿಂಗಾಣಿ ಕೊಳವೆ, ಎರಡು ತುದಿಗೆ ಲೋಹದ ಟೋಪಿ ಅಥವಾ ಪಟ್ಟಿ. ಒಳಗೆ ಮರಳು ತುಂಬಿರುತ್ತದೆ. ಮೂರು ಫೇಸಿನ ಬೋರ್ಡು, ಪಂಪ್‌ಸೆಟ್ಟಿನ ಹತ್ತಿರ ಕಾಣುತ್ತದೆ. ಆಂಪಿಯರ್ ಅಂಕಿ ಕೊಳವೆಯ ಮೇಲೇ ಅಚ್ಚಾಗಿರುತ್ತದೆ. ಇದಕ್ಕೆ ತಂತಿ ಕಟ್ಟುವ ಹಾಗಿಲ್ಲ. ಹೋದರೆ ಅದೇ ಅಂಕಿಯ ಹೊಸದನ್ನೇ ಹಾಕಬೇಕು.

ಇ) ಗಾಜಿನ ಚಿಕ್ಕ ಫ್ಯೂಸ್. ಸ್ಟೆಬಿಲೈಸರ್, ಯು.ಪಿ.ಎಸ್., ಹಳೆಯ ಟಿ.ವಿ.ಗಳ ಒಳಗಿರುತ್ತದೆ. ಇದು ಮನೆಯ ವೈರನ್ನು ಕಾಯುವುದಿಲ್ಲ, ಆ ಒಂದು ಉಪಕರಣವನ್ನು ಮಾತ್ರ. ಅಂಕಿ ತುದಿಯ ಲೋಹದ ಟೋಪಿಯ ಮೇಲೆ ಸಣ್ಣಕ್ಷರದಲ್ಲಿ ಕೆತ್ತಿರುತ್ತದೆ. ಅಂಕಿಯ ಹಿಂದೆ ಇಂಗ್ಲಿಷಿನ ‘ಎಫ್’ ಇದ್ದರೆ ಬೇಗ ಹೋಗುವಂಥದು, ‘ಟಿ’ ಇದ್ದರೆ ಸ್ವಲ್ಪ ತಡೆದು ಹೋಗುವಂಥದು. ಅಂಕಿ, ಅಕ್ಷರ ಎರಡೂ ನೋಡಿ ತರಬೇಕು.

ಈ) ಎಂ.ಸಿ.ಬಿ. ಹೊಸ ಮನೆಗಳಲ್ಲಿ ಫ್ಯೂಸಿನ ಜಾಗಕ್ಕೆ ಬಂದಿರುವ ಸಣ್ಣ ಸ್ವಿಚ್ಚು. ಭಾರ ಹೆಚ್ಚಾದರೆ ತಾನೇ ಕೆಳಗೆ ಬೀಳುತ್ತದೆ. ಮುಖದ ಮೇಲೆ ‘ಸಿ 16’, ‘ಬಿ 6’ ಎಂಬಂತೆ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. ಅಂಕಿಯೇ ಆಂಪಿಯರ್. ಅಕ್ಷರ ಹೇಳುವುದು, ಒಮ್ಮೆಲೇ ಎಷ್ಟು ಪಟ್ಟು ಕರೆಂಟು ನುಗ್ಗಿದರೆ ತಕ್ಷಣ ಬೀಳುತ್ತದೆ ಎಂಬುದನ್ನು: ‘ಬಿ’ 3ರಿಂದ 5 ಪಟ್ಟಿಗೆ, ‘ಸಿ’ 5ರಿಂದ 10 ಪಟ್ಟಿಗೆ. ಮೋಟರ್ ಶುರುವಾಗುವಾಗ ಕರೆಂಟು ಒಮ್ಮೆ ಹೆಚ್ಚು ಎಳೆಯುವುದರಿಂದ ಮಿಕ್ಸಿ, ಫ್ರಿಜ್, ಪಂಪ್ ಇರುವ ಕಡೆ ‘ಸಿ’ ಹಾಕುತ್ತಾರೆ.

ಉ) ಮೀಟರ್ ಬಳಿ ಸೀಲ್ ಮಾಡಿರುವ ಕಟ್ ಔಟ್, ಮತ್ತು ಕಂಬದ, ಟ್ರಾನ್ಸ್‌ಫಾರ್ಮರಿನ ಫ್ಯೂಸ್. ಇವು ವಿದ್ಯುತ್ ಕಂಪನಿಯವು. ಇವನ್ನು ನಾವೂ ಮುಟ್ಟಬಾರದು, ಊರಿನ ‘ಗೊತ್ತಿರುವ ಹುಡುಗ’ನೂ ಮುಟ್ಟಬಾರದು. ಮೀಟರಿನ ಸೀಲ್ ಒಡೆದು ಕೈಯಾಡಿಸುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಕರ್ನಾಟಕದಲ್ಲಿ 1912ಕ್ಕೆ ಫೋನ್ ಮಾಡಿ ದೂರು ಬರೆಸಿ, ನಂಬರು ಕೇಳಿ ಇಟ್ಟುಕೊಳ್ಳಿ.

3. ಪಿಂಗಾಣಿಯ ಮೇಲಿನ ಅಂಕಿ ಮೋಸ ಮಾಡುತ್ತದೆ

ಎಚ್.ಆರ್.ಸಿ., ಎಂ.ಸಿ.ಬಿ.ಗಳಲ್ಲಿ ಅಂಕಿ ಓದಿದರೆ ಕೆಲಸ ಮುಗಿಯಿತು. ನಾವು ಎಡವುವುದು ಕಿಟ್‌ಕ್ಯಾಟ್‌ನಲ್ಲಿ. ಅದರ ಮೇಲೆ 16, 32, 63 ಎಂದು ಅಂಕಿ ಇರುತ್ತದೆ, ಹಳೆಯದಾದರೆ 15, 30, 60. ಆ ಅಂಕಿ ಪಿಂಗಾಣಿ ಮತ್ತು ಅದರ ಹಿತ್ತಾಳೆಯ ತುದಿಗಳು ತಡೆಯುವ ಅತಿ ಹೆಚ್ಚಿನ ಭಾರ. ಅದು ಒಳಗಿನ ತಂತಿಯ ಅಳತೆಯಲ್ಲ.

10 ಕಿಲೋ ಹಿಡಿಯುವ ಡಬ್ಬಿಯಲ್ಲಿ ನಾವು 2 ಕಿಲೋ ಅಕ್ಕಿ ಇಡುವುದಿಲ್ಲವೇ? ಹಾಗೇ 16 ಆಂಪಿಯರ್‌ನ ಪಿಂಗಾಣಿಯಲ್ಲಿ 5 ಆಂಪಿಯರ್‌ನ ತಂತಿ ಕಟ್ಟಬಹುದು. ಆಗ ಅದು 5 ಆಂಪಿಯರ್ ಫ್ಯೂಸ್. “ಇದರ ಮೇಲೆ 16 ಅಂತ ಬರೆದಿದೆ, ಅದಕ್ಕೇ ದಪ್ಪ ತಂತಿ ಹಾಕಿದೆ” ಎನ್ನುವವರು ಇಲ್ಲೇ ತಪ್ಪುತ್ತಾರೆ. ಕಿಟ್‌ಕ್ಯಾಟ್ ಎಷ್ಟು ಆಂಪಿಯರ್‌ನದು ಎಂದು ತಿಳಿಯಲು ಒಳಗಿನ ತಂತಿಯನ್ನೇ ಅಳೆಯಬೇಕು.

4. ಪೆನ್ಸಿಲಿನ ಅಳತೆ

ಅಂಗಡಿಯಲ್ಲಿ ಸಿಗುವ ಒಳ್ಳೆಯ ಫ್ಯೂಸ್ ವೈರು ತವರ ಲೇಪಿಸಿದ ತಾಮ್ರದ್ದು. ನೋಡಲು ಬೆಳ್ಳಿಯ ಹಾಗಿದ್ದರೂ ಉಗುರಿನಿಂದ ಅಥವಾ ಬ್ಲೇಡಿನಿಂದ ಕೆರೆದರೆ ಒಳಗೆ ಕೆಂಪು ಕಾಣುತ್ತದೆ. ಅದರ ದಪ್ಪ ಹೀಗಿರುತ್ತದೆ:

5 ಆಂಪಿಯರ್: 0.2 ಮಿ.ಮೀ.
10 ಆಂಪಿಯರ್: 0.35 ಮಿ.ಮೀ.
15 ಆಂಪಿಯರ್: 0.5 ಮಿ.ಮೀ.
20 ಆಂಪಿಯರ್: 0.6 ಮಿ.ಮೀ.
30 ಆಂಪಿಯರ್: 0.85 ಮಿ.ಮೀ.

ಇಷ್ಟು ತೆಳುವಾದದ್ದನ್ನು ಅಳೆಯುವುದು ಹೇಗೆ? ಮಕ್ಕಳ ಪೆನ್ಸಿಲಿಗೆ ತಂತಿಯನ್ನು ಒತ್ತೊತ್ತಾಗಿ, ನಡುವೆ ಸಂದು ಬಿಡದೆ, ಒಂದರ ಮೇಲೊಂದು ಹತ್ತದ ಹಾಗೆ 20 ಸುತ್ತು ಸುತ್ತಿ. ಸುತ್ತಿದ ಜಾಗದ ಅಗಲವನ್ನು ಸ್ಕೇಲಿನಿಂದ ನೋಡಿ. 4 ಮಿ.ಮೀ. ಬಂದರೆ 5 ಆಂಪಿಯರ್. 7 ಮಿ.ಮೀ. ಬಂದರೆ 10 ಆಂಪಿಯರ್. 10 ಮಿ.ಮೀ., ಅಂದರೆ ಸರಿಯಾಗಿ 1 ಸೆಂ.ಮೀ. ಬಂದರೆ 15 ಆಂಪಿಯರ್.

ಎರಡು ಎಚ್ಚರಿಕೆ. ತವರ ಮತ್ತು ಸೀಸ ಬೆರೆಸಿ ಮಾಡಿದ ಮೆತ್ತಗಿನ ಬೂದು ತಂತಿಯೂ ಸಿಗುತ್ತದೆ. ಅದು ಅಷ್ಟೇ ಆಂಪಿಯರ್‌ಗೆ ಇನ್ನೂ ದಪ್ಪವಿರುವುದರಿಂದ ಈ ಅಳತೆ ಅದಕ್ಕೆ ಹೊಂದುವುದಿಲ್ಲ. ಸುತ್ತಿಟ್ಟ ಕಾರ್ಡಿನ ಮೇಲೆ ಬರೆದ ಅಂಕಿಯನ್ನೇ ನೋಡಬೇಕು. ಎರಡನೆಯದು, ಹಳೆಯ ವೈರಿನಿಂದ ಕಿತ್ತ ಎಳೆಯನ್ನು ಹಾಕುವ ಅಭ್ಯಾಸ. ವೈರಿನಿಂದ ವೈರಿಗೆ ಎಳೆಯ ದಪ್ಪ ಬೇರೆ ಇರುತ್ತದೆ. ಎರಡು ಮೂರು ಎಳೆ ಹೊಸೆದರಂತೂ ಅದು ಎಷ್ಟಕ್ಕೆ ಕರಗುತ್ತದೆಂದು ಹಾಕಿದವರಿಗೇ ಗೊತ್ತಿರುವುದಿಲ್ಲ. ಅಂಗಡಿಯಿಂದ ಅಂಕಿ ಬರೆದ ಫ್ಯೂಸ್ ವೈರಿನ ಕಾರ್ಡು ತಂದು ಮೇನ್ ಸ್ವಿಚ್ಚಿನ ಹತ್ತಿರ ನೇತುಹಾಕಿಡಿ.

5. ಎಷ್ಟು ಇರಬೇಕು?

ಇದನ್ನು ತೀರ್ಮಾನಿಸುವುದು ಮನೆಯ ವೈರು. ವೈರಿನ ಹೊದಿಕೆಯ ಮೇಲೆ ಅದರ ದಪ್ಪ ಚದರ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ತಾಮ್ರದ ವೈರಾದರೆ ಸಾಮಾನ್ಯ ಲೆಕ್ಕ ಇದು:

1 ಅಥವಾ 1.5 ಚದರ ಮಿ.ಮೀ. (ದೀಪ, ಫ್ಯಾನ್): 5 ಆಂಪಿಯರ್ ಫ್ಯೂಸ್ ತಂತಿ, ಅಥವಾ 6 ಆಂಪಿಯರ್ ಎಂ.ಸಿ.ಬಿ.
2.5 ಚದರ ಮಿ.ಮೀ. (ದೊಡ್ಡ ಪ್ಲಗ್): 15 ಆಂಪಿಯರ್ ಫ್ಯೂಸ್ ತಂತಿ, ಅಥವಾ 16 ಆಂಪಿಯರ್ ಎಂ.ಸಿ.ಬಿ.
4 ಚದರ ಮಿ.ಮೀ. (ಗೀಸರ್): 20 ಆಂಪಿಯರ್.

ಹಳೆಯ ಅಲ್ಯೂಮಿನಿಯಂ ವೈರು ಅದೇ ದಪ್ಪಕ್ಕೆ ಕಡಿಮೆ ಭಾರ ಹೊರುತ್ತದೆ. ಎಲೆಕ್ಟ್ರಿಷಿಯನ್ ನೋಡಿ ಹೇಳದ ಹೊರತು ಅಲ್ಲಿ 5ಕ್ಕಿಂತ ಮೇಲೆ ಹೋಗಬೇಡಿ.

ಇನ್ನು ನಾವು ಹೊರಿಸುವ ಭಾರ. ಉಪಕರಣದ ಹಿಂದೆ ಬರೆದ ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 230 ಅಂದರೆ ನಮ್ಮ ಮನೆಗೆ ಬರುವ ಕರೆಂಟಿನ ವೋಲ್ಟ್. 9 ವ್ಯಾಟ್ ಎಲ್.ಇ.ಡಿ. ಬಲ್ಬು, 75 ವ್ಯಾಟ್ ಫ್ಯಾನು ಲೆಕ್ಕಕ್ಕೇ ಇಲ್ಲ. ಇಸ್ತ್ರಿಪೆಟ್ಟಿಗೆ 1000 ವ್ಯಾಟ್, 4.3 ಆಂಪಿಯರ್. ಮಿಕ್ಸಿ 750 ವ್ಯಾಟ್, 3.3 ಆಂಪಿಯರ್. ನೀರು ಕಾಯಿಸುವ ಕಾಯಿಲ್ 1500 ವ್ಯಾಟ್, 6.5 ಆಂಪಿಯರ್. ಈ ಕಾಯಿಲ್ ಒಂದೇ 6 ಆಂಪಿಯರ್‌ನ ಚಿಕ್ಕ ಪ್ಲಗ್ಗಿಗೆ ಹೆಚ್ಚಾಯಿತು.

ಈಗ ಬೆಳಿಗ್ಗೆ ಏಳು ಗಂಟೆಯ ನಮ್ಮ ಮನೆ ನೆನೆಸಿಕೊಳ್ಳಿ. ಬಕೆಟ್ಟಿನಲ್ಲಿ ಕಾಯಿಲ್, ಯೂನಿಫಾರ್ಮಿಗೆ ಇಸ್ತ್ರಿ, ಚಟ್ನಿಗೆ ಮಿಕ್ಸಿ, ಎಲ್ಲ ಒಟ್ಟಿಗೇ. 3250 ವ್ಯಾಟ್, ಅಂದರೆ ಸುಮಾರು 14 ಆಂಪಿಯರ್. ಪೈಪಿನೊಳಗೆ ಹೋದ 1 ಚದರ ಮಿ.ಮೀ. ತಾಮ್ರದ ವೈರು ಹೊರುವುದು ಸುಮಾರು 11. ಮೇಲೆ ಹೇಳಿದ ಲೆಕ್ಕದಂತೆ ವೈರಿನಲ್ಲಿ ಇರಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಹೆಚ್ಚು ಬಿಸಿ.

ಫ್ಯೂಸ್ ತಂತಿ ತನ್ನ ಅಂಕಿಗೆ ಸರಿಯಾಗಿ ಕರಗುವುದಿಲ್ಲ, ಅದರ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಹರಿದಾಗ ಕರಗುತ್ತದೆ. ಅಂದರೆ 5 ಆಂಪಿಯರ್ ತಂತಿ 8ರಿಂದ 10 ಆಂಪಿಯರ್ ಬಂದಾಗ ಕಡಿದುಹೋಗುತ್ತದೆ, ವೈರು ಉಳಿಯುತ್ತದೆ. ಅದೇ ಜಾಗದಲ್ಲಿ 15 ಆಂಪಿಯರ್ ತಂತಿ ಇದ್ದರೆ 30ರ ಹತ್ತಿರ ಬರುವ ತನಕ ಅದು ಅಲ್ಲಾಡುವುದಿಲ್ಲ. 14 ಆಂಪಿಯರ್ ಪ್ರತಿ ಬೆಳಿಗ್ಗೆ ಹರಿಯುತ್ತದೆ, ವೈರು ಪ್ರತಿ ಬೆಳಿಗ್ಗೆ ಬೇಯುತ್ತದೆ. ಆ ಸದಸ್ಯೆಯ ಮನೆಯಲ್ಲಿ ಆದದ್ದು ಇದೇ.

ಭಾಗ್ಯ ಜ್ಯೋತಿ, ಕುಟೀರ ಜ್ಯೋತಿ ಯೋಜನೆಗಳಲ್ಲಿ ಕರೆಂಟು ಬಂದ ಮನೆಗಳವರು ಇದನ್ನು ಇನ್ನೂ ಗಮನಿಸಬೇಕು. ಅಲ್ಲಿ ಮೊದಲು ಕೊಟ್ಟದ್ದು ಒಂದು ಬಲ್ಬಿನ ಸಂಪರ್ಕ, ವೈರೂ ಅಷ್ಟಕ್ಕೇ. ಆಮೇಲೆ ಅದೇ ವೈರಿಗೆ ಟಿ.ವಿ., ಮಿಕ್ಸಿ, ಇಸ್ತ್ರಿ, ಫ್ರಿಜ್ ಒಂದೊಂದಾಗಿ ಸೇರಿವೆ. ಮನೆಯ ಸಾಮಾನು ಬೆಳೆಯಿತು, ವೈರು ಬೆಳೆಯಲಿಲ್ಲ. ಅಲ್ಲಿ ಫ್ಯೂಸ್ ಪದೇ ಪದೇ ಹೋಗುವುದು ಫ್ಯೂಸಿನ ತಪ್ಪಲ್ಲ. ಬೇಕಾದ್ದು ಭಾರದ ಉಪಕರಣಕ್ಕೆ ಬೇರೆ ದಪ್ಪ ವೈರು, ಬೇರೆ ಫ್ಯೂಸ್.

6. ಫ್ಯೂಸ್ ಹೋದಾಗ

ಮೊದಲು ‘ಯಾಕೆ ಹೋಯ್ತು’ ಎಂದು ಕೇಳಿಕೊಳ್ಳಬೇಕು. ಹೋದ ಗಳಿಗೆಯಲ್ಲಿ ಯಾವುದರ ಸ್ವಿಚ್ ಹಾಕಿದೆವು? ತಂತಿ ನಡುವೆ ಕರಗಿ ತುಂಡಾಗಿದ್ದರೆ ಸಾಮಾನ್ಯವಾಗಿ ಭಾರ ಹೆಚ್ಚಾದದ್ದು. ಪಿಂಗಾಣಿ ಕಪ್ಪಾಗಿ, ತಂತಿ ಪೂರಾ ಆವಿಯಾಗಿ ಲೋಹದ ಚುಕ್ಕಿಗಳು ಸಿಡಿದಿದ್ದರೆ ಎಲ್ಲೋ ಎರಡು ವೈರು ತಾಗಿವೆ. ಎರಡನೆಯದಾದರೆ ತಂತಿ ಕಟ್ಟುವ ಗೋಜಿಗೇ ಹೋಗದೆ ಎಲೆಕ್ಟ್ರಿಷಿಯನ್ ಕರೆಸಿ.

ತಂತಿ ಕಟ್ಟುವುದಾದರೆ:

ಮೇನ್ ಸ್ವಿಚ್ ಆಫ್ ಮಾಡಿ. ಆದರೆ ನೆನಪಿರಲಿ, ಮೇನ್ ಸ್ವಿಚ್ಚಿಗಿಂತ ಮೊದಲು, ಮೀಟರಿನ ಕಡೆಗೆ ಇರುವ ಫ್ಯೂಸಿನಲ್ಲಿ ಆಗಲೂ ಕರೆಂಟು ಇರುತ್ತದೆ. ಅದಕ್ಕೆ ಕೈ ಹಾಕಬೇಡಿ, ಲೈನ್‌ಮ್ಯಾನ್‌ಗೆ ಹೇಳಿ.
ಕೈ, ನೆಲ, ಗೋಡೆ ಒದ್ದೆ ಇದ್ದರೆ ಮಾಡಬೇಡಿ. ಒಣ ಮಣೆಯ ಮೇಲೆ, ರಬ್ಬರ್ ಚಪ್ಪಲಿ ಹಾಕಿ ನಿಲ್ಲಿ.
ಭಾರದ ಉಪಕರಣಗಳ ಪ್ಲಗ್ ಕಿತ್ತಿಡಿ.
ಹಳೆಯ ತಂತಿಯ ಚೂರು ತೆಗೆದು, ಸರಿಯಾದ ಅಂಕಿಯ ಒಂದೇ ಎಳೆಯನ್ನು, ತಿರುಪು ಬಿಗಿಯುವ ದಿಕ್ಕಿನಲ್ಲೇ ಸುತ್ತಿ ಬಿಗಿ ಮಾಡಿ. ನಡುವೆ ತಂತಿಯನ್ನು ಜಗ್ಗಬೇಡಿ, ಜಗ್ಗಿದರೆ ತೆಳುವಾಗುತ್ತದೆ.
ಫ್ಯೂಸನ್ನು ಪೂರ್ತಿ ಕೂರಿಸಿದ ಮೇಲೆಯೇ ಮೇನ್ ಆನ್ ಮಾಡಿ.
ತಕ್ಷಣ ಮತ್ತೆ ಹೋದರೆ ಅಲ್ಲಿಗೆ ನಿಲ್ಲಿಸಿ. ದಪ್ಪ ತಂತಿ ಹಾಕಿ ಪರೀಕ್ಷೆ ಮಾಡುವುದು ಬೇಡ. ಎಂ.ಸಿ.ಬಿ. ಇರುವವರೂ ಅಷ್ಟೆ. ಬೀಳುತ್ತದೆ ಎಂದು 16ರ ಜಾಗಕ್ಕೆ 32 ಹಾಕಿಸಿದರೆ ಗಟ್ಟಿ ತಂತಿ ಕಟ್ಟಿದ ಹಾಗೇ.

ಕೆಲವು ಹಳೆಯ ಮನೆಗಳಲ್ಲಿ ಒಂದರ ಪಕ್ಕ ಒಂದು ಎರಡು ಕಿಟ್‌ಕ್ಯಾಟ್ ಇದ್ದು ಎರಡರಲ್ಲೂ ಫ್ಯೂಸ್ ತಂತಿ ಇರುತ್ತದೆ. ಒಂದು ಫೇಸಿನದು, ಇನ್ನೊಂದು ನ್ಯೂಟ್ರಲಿನದು. ನ್ಯೂಟ್ರಲಿನಲ್ಲಿ ಫ್ಯೂಸ್ ಇರಬಾರದು. ಅದು ಕಡಿದರೆ ದೀಪ ಆರುತ್ತದೆ, ಆದರೆ ವೈರಿನಲ್ಲಿ ಕರೆಂಟು ಹಾಗೇ ಇರುತ್ತದೆ. ಕತ್ತಲಾಯಿತು, ಕರೆಂಟಿಲ್ಲ ಎಂದು ಮುಟ್ಟಿದವರಿಗೆ ಅಪಾಯ. ಅಲ್ಲಿ ಗಟ್ಟಿ ಲಿಂಕ್ ಹಾಕಿಸಬೇಕು. ಯಾವುದು ಯಾವುದೆಂದು ನೋಡಿ ಮಾಡುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರದು.

7. ಫ್ಯೂಸ್ ಮನುಷ್ಯರನ್ನು ಕಾಯುವುದಿಲ್ಲ

“ಶಾಕ್ ಹೊಡೆದರೆ ಫ್ಯೂಸ್ ಹೋಗ್ತದಲ್ಲಾ” ಎಂಬ ಧೈರ್ಯ ನಮ್ಮಲ್ಲಿ ಇದೆ. ಅದು ತಪ್ಪು. ಆಂಪಿಯರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿ ಆಂಪಿಯರ್. ಅಂಥ ಕೆಲವು ಹತ್ತು ಮಿಲಿ ಆಂಪಿಯರ್ ಎದೆಯ ಮೂಲಕ ಹರಿದರೆ ಜೀವಕ್ಕೆ ಅಪಾಯ. ಅತಿ ಚಿಕ್ಕ 5 ಆಂಪಿಯರ್ ಫ್ಯೂಸ್ ಕಡಿಯಬೇಕಾದರೂ ಅದಕ್ಕಿಂತ ನೂರಾರು ಪಟ್ಟು ಹರಿಯಬೇಕು. ಮನುಷ್ಯರನ್ನು ಕಾಯುವುದಕ್ಕೆ ಇರುವುದು ಆರ್.ಸಿ.ಸಿ.ಬಿ. ಎಂಬ ಬೇರೆ ಸಾಧನ. ನೋಡಲು ಅಗಲದ ಎಂ.ಸಿ.ಬಿ. ಹಾಗೆ, ಮುಖದಲ್ಲಿ ‘ಟಿ’ ಅಕ್ಷರದ ಒಂದು ಗುಂಡಿ. ಮನೆಗೆ ಬೇಕಾದ್ದು 30 ಮಿಲಿ ಆಂಪಿಯರ್ ಎಂದು ಬರೆದದ್ದು. ಆ ಗುಂಡಿಯನ್ನು ಆಗಾಗ ಒತ್ತಿ ಬೀಳುತ್ತದೋ ಇಲ್ಲವೋ ನೋಡಬೇಕು. ಇದು ಭಾರ ಹೆಚ್ಚಾದರೆ ಬೀಳುವುದಿಲ್ಲ. ಆದ್ದರಿಂದ ಫ್ಯೂಸ್ ಅಥವಾ ಎಂ.ಸಿ.ಬಿ. ಜೊತೆಗೆ ಇದು ಬೇಕು, ಅದರ ಬದಲಿಗೆ ಅಲ್ಲ. ಮನೆಗೆ ಸರಿಯಾದ ಅರ್ಥಿಂಗ್ ಕೂಡ ಇರಬೇಕು.

ನಾವು ಹೋಗಿದ್ದ ಮನೆಯಲ್ಲಿ ಸದ್ಯಕ್ಕೆ ಮೂರು ಎಳೆ ಬಿಚ್ಚಿಸಿ 5 ಆಂಪಿಯರ್‌ನ ಒಂದೆಳೆ ಕಟ್ಟಿಸಿದೆವು. ಕಾಯಿಲ್ ಬಿಟ್ಟು ಒಲೆಯ ಹಂಡೆಗೇ ವಾಪಸ್ಸು. ಒಣಗಿದ ವೈರನ್ನು ಬದಲಿಸಿ ಅಡುಗೆಮನೆಗೆ ಬೇರೆ ಲೈನ್ ಎಳೆಸಲು ಅವರು ಸಂಘದಲ್ಲಿ ಸಾಲ ಕೇಳಿದರು. ಇದೂ ಒಂದು ಸಾಲದ ಕಾರಣವೇ ಎಂದು ಮೊದಲು ಕೆಲವರಿಗೆ ಅನ್ನಿಸಿತು. ಬಿರಿದ ವೈರಿನ ತುಂಡನ್ನು ಕೈಯಿಂದ ಕೈಗೆ ದಾಟಿಸಿದ ಮೇಲೆ ಯಾರೂ ಬೇಡ ಎನ್ನಲಿಲ್ಲ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಮನೆಯಲ್ಲಿ ಫ್ಯೂಸ್ ತಂತಿ ಕಟ್ಟುವವರು ಯಾರು? ಅವರು ಯಾವ ತಂತಿ ಹಾಕುತ್ತಾರೆ, ಎಲ್ಲಿಂದ ತರುತ್ತಾರೆ?
2. ಬೆಳಿಗ್ಗೆ ಒಂದೇ ಹೊತ್ತಿಗೆ ಏನೇನು ಹಾಕುತ್ತೇವೆ? ವ್ಯಾಟ್ ಕೂಡಿಸಿ 230ರಿಂದ ಭಾಗಿಸಿ ನೋಡಿ.
3. ನಮ್ಮ ಊರಿನಲ್ಲಿ ಒಂದು ಬಲ್ಬಿನ ಸಂಪರ್ಕದಿಂದ ಶುರುವಾದ ಮನೆಗಳು ಎಷ್ಟು? ಅವುಗಳಲ್ಲಿ ವೈರು ಬದಲಿಸಿದ್ದು ಎಷ್ಟು?

ಮನೆಯಲ್ಲಿ ಮಾಡಿ

ಮುಂದಿನ ಸಭೆಗೆ ಬರುವಾಗ ಒಂದು ಚೀಟಿಯಲ್ಲಿ ಬರೆದು ತನ್ನಿ: ಫ್ಯೂಸಿನ ಜಾತಿ, ಮೇಲಿನ ಅಂಕಿ, ಮೇನ್ ಆಫ್ ಮಾಡಿ ತೆಗೆದು ನೋಡಲು ಸಾಧ್ಯವಾದರೆ ತಂತಿ ಎಷ್ಟು ಎಳೆಯದು, ಮತ್ತು ಸ್ವಿಚ್ ಬೋರ್ಡು ಎಲ್ಲಾದರೂ ಕಂದಾಗಿದೆಯೇ, ಬಿಸಿಯಾಗುತ್ತದೆಯೇ. ಅಂಕಿ ಬರೆದ 5 ಆಂಪಿಯರ್ ಫ್ಯೂಸ್ ವೈರಿನ ಒಂದು ಕಾರ್ಡನ್ನೂ ತನ್ನಿ, ಪೆನ್ಸಿಲಿಗೆ ಸುತ್ತಿ ಎಲ್ಲರೂ ಸೇರಿ ಅಳೆಯೋಣ.